ನಾನು ತೆಗೆದುಹಾಕಿದ ಹೆಸರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಈಗಷ್ಟೇ ಸನ್ಮಾನ ಸ್ವೀಕರಿಸಿದ ಪ್ರೇಮಲತಾ ಅವರೇ, ಹರಿಹರದ ಬಸ್ಸು ತಪ್ಪೀತೆಂದು ಗಡಿಯಾರ ನೋಡುತ್ತಿರುವ ಸಭಿಕರೇ,

ಈ ಹಾಲೇಶಪ್ಪನಿಗೆ ಐದು ನಿಮಿಷ ಕೊಟ್ಟರೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ ಎಂಬುದು ನಿಮಗೆಲ್ಲ ಗೊತ್ತು. ಇಂದು ಹಾಗೆ ಮಾಡುವುದಿಲ್ಲ.

ನಮ್ಮದು ದೊಡ್ಡ ಕಂಪನಿ. ಅದರ ಹರಿಹರದ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ತರಬೇತಿ ಕೊಟ್ಟಿದ್ದೇನೆ. ಇಲ್ಲಿ ಕುಳಿತವರಲ್ಲಿ ಅರ್ಧ ಜನಕ್ಕೆ ಲೇತ್ ಯಂತ್ರ ನಡೆಸುವುದನ್ನು ಕಲಿಸಿದವನು ನಾನು. ತೊಂಬತ್ತೈದರಲ್ಲಿ ಕಂಪ್ಯೂಟರಿನ ಮಾತು ಕೇಳುವ ಯಂತ್ರಗಳು ಬಂದವು. ನಾನು ಏನು ಮಾಡಿದೆ? ಅವುಗಳ ಕೈಪಿಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೊಂಡಜ್ಜಿ ಹಳ್ಳಿಯ ರೈತರ ಮಗಳು, ಡಿಪ್ಲೊಮಾ ಮುಗಿಸಿ ಆಗಷ್ಟೇ ಸೇರಿದ್ದ ಪ್ರೇಮಲತಾ ಏನು ಮಾಡಿದರು? ಬೀಗದ ಕೈ ಕೇಳಿದರು.

ಕಳೆದ ವರ್ಷ ಕೇಂದ್ರ ಕಚೇರಿಯವರು ನೌಕರರ ಅಭಿಪ್ರಾಯ ಕೇಳಿ ಹಾಳೆ ಕಳಿಸಿದರು. ಈ ಕಂಪನಿಯಲ್ಲಿ ಕೆಲಸ ಹೇಗಿದೆ, ನಿಮ್ಮ ಹೆಸರು ಬರೆಯದೆ ತಿಳಿಸಿ, ಎಂದು. ಎಲ್ಲವನ್ನೂ ಓದಿ ವರದಿ ಬರೆಯುವ ಹೊಣೆ ನನಗೆ ಬಂತು. ಖಾಲಿಯಿದ್ದ ತರಬೇತಿ ಅಧಿಕಾರಿಯ ಹುದ್ದೆಗೆ ಆ ವರದಿಯನ್ನೇ ನೋಡಿ ಆರಿಸುತ್ತಾರೆಂದೂ ತಿಳಿಯಿತು. ಆ ಹುದ್ದೆಗೆ ನನ್ನ ವಯಸ್ಸು ಮೀರಿತ್ತು. ಇದನ್ನು ದಯವಿಟ್ಟು ನೆನಪಿಡಿ.

“ಕ್ಯಾಂಟೀನ್ ಸಾರು ತುಂಗಭದ್ರಾ ಹೊಳಿ ಆಗೈತೆ” ಎಂದು ಒಬ್ಬರು ಬರೆದಿದ್ದರು. ನಕ್ಕೆ. ಕಷ್ಟ ಬಂದರೆ ಯಾರ ಬಳಿ ಹೋಗುತ್ತೀರಿ ಎಂಬ ಪ್ರಶ್ನೆಗೆ ಬಂದಾಗ ನಗು ನಿಂತಿತು. ಮುನ್ನೂರ ನಲವತ್ತು ಹಾಳೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಪ್ರೇಮಲತಾ. ನನ್ನ ಹೆಸರು ನಾಲ್ಕರಲ್ಲಿ. ಆ ನಾಲ್ಕರಲ್ಲಿ ಒಂದು ನಾನೇ ಬರೆದದ್ದು.

ನಗಿರಿ, ಪರವಾಗಿಲ್ಲ.

ಒಬ್ಬರು ಬರೆದಿದ್ದರು: “ಹಾಲೇಶಪ್ಪ ಸಾರ್ ಮೊದ್ಲು ಬೈತಾರೆ, ಆಮ್ಯಾಲೆ ಹೇಳಿಕೊಡ್ತಾರೆ. ಮೇಡಂ ಸೀದಾ ಹೇಳಿಕೊಡ್ತಾರೆ.” ಆ ಹಾಳೆಯನ್ನು ಕಟ್ಟಿನ ತಳಕ್ಕೆ ತಳ್ಳಿದೆ. ವರದಿಯಲ್ಲಿ ‘ಹಿರಿಯ ಸಿಬ್ಬಂದಿಯ ನೆರವು ತೃಪ್ತಿಕರ’ ಎಂದಷ್ಟೇ ಬರೆದೆ. ಆಕೆಯ ಹೆಸರು ಎಲ್ಲಿಯೂ ಬರಲಿಲ್ಲ. ಹರಿಹರದಲ್ಲಿ ಅರ್ಹರಿಲ್ಲ, ಆ ಹುದ್ದೆಗೆ ಹೊರಗಿನವರನ್ನು ಕಳಿಸುತ್ತೇವೆ ಎಂದು ಕೇಂದ್ರ ಕಚೇರಿಯಿಂದ ಉತ್ತರ ಬಂತು.

ವರದಿಯನ್ನು ಸೂಚನಾ ಫಲಕಕ್ಕೆ ಹಚ್ಚಿದ ದಿನ ಯಂತ್ರ ನಡೆಸುವ ರೌಫ್ ಬಂದು ಕೇಳಿದರು: “ಸಾರ್, ನಾನು ಮೇಡಂ ಹೆಸ್ರು ಬರ್ದಿದ್ದೆ. ಇದ್ರಾಗ ಯಾಕ ಇಲ್ಲ?”

“ಹೆಸ್ರು ಬರೀಬ್ಯಾಡ ಅಂತ ಆದೇಶ ಐತಪ್ಪಾ” ಎಂದೆ.

“ನಮ್ ಹೆಸ್ರು ಬ್ಯಾಡ ಅಂದಿದ್ರು ಸಾರ್. ಅವ್ರ ಹೆಸ್ರಲ್ಲ.”

ಅಷ್ಟು ಹೇಳಿ ಅವರು ಯಂತ್ರದ ಕಡೆ ಹೋದರು. ಮೂರು ವಾರ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಒಂದು ಭಾನುವಾರ ಹಾಳೆಗಳ ಕಟ್ಟು ಹಿಡಿದು ವಿನೋಬನಗರದ ಪ್ರೇಮಲತಾ ಅವರ ಮನೆಗೆ ಹೋದೆ. ಅವರ ಅತ್ತೆ ಕಸ್ತೂರಮ್ಮನವರು, “ಬರ್ರಿ, ಕೂಡ್ರಿ” ಎಂದು ಮಂಡಕ್ಕಿ ತಂದಿಟ್ಟರು. ತಟ್ಟೆ ಬದಿಗಿಟ್ಟೆ. ಎಲ್ಲವನ್ನೂ ಹೇಳಿದೆ.

ಪ್ರೇಮಲತಾ ಒಂದೊಂದೇ ಹಾಳೆ ತಿರುವಿದರು. ಬೈಯಲಿಲ್ಲ. ಬೈದಿದ್ದರೆ ಎದ್ದು ಬರಬಹುದಿತ್ತು.

“ನನ್ನ ಹೆಸ್ರು ತೆಗೆದ್ರಿ. ಆ ಜಾಗಕ್ಕ ನಿಮ್ಮ ಹೆಸ್ರಾದ್ರೂ ಹಾಕ್ಕೊಂಡ್ರೇನ್ರಿ ಸಾರ್?”

“ಇಲ್ಲಮ್ಮ.”

“ಮತ್ಯಾಕ?”

ಸಭಿಕರೇ, ಆ ಪ್ರಶ್ನೆಗೆ ಉತ್ತರವನ್ನು ಇಂದು ನಿಮ್ಮೆದುರು ಹೇಳುತ್ತೇನೆ. ನನಗೆ ಸಿಗುವ ಹುದ್ದೆಯಾಗಿದ್ದರೆ ಅದಕ್ಕೊಂದು ಅರ್ಥವಿತ್ತು. ನನಗೆ ಬಾರದಿದ್ದುದು ಆಕೆಗೂ ಬರಬಾರದು, ಅಷ್ಟೇ.

ಮರುದಿನವೇ ತಪ್ಪೊಪ್ಪಿಗೆಯ ಪತ್ರದೊಂದಿಗೆ ಎಲ್ಲ ಹಾಳೆಗಳನ್ನೂ ಕೇಂದ್ರ ಕಚೇರಿಗೆ ಕಳಿಸಿದೆ. ಅದಕ್ಕೆ ಶಿಕ್ಷೆಯಾಗಿ, ನಾನು ನೋಡಿಕೊಳ್ಳುತ್ತಿದ್ದ ವಿಭಾಗ ನನ್ನ ಕೈತಪ್ಪಿತು. ಹುದ್ದೆ ಯಾರಿಗೆ ಬಂತೆಂಬುದಕ್ಕೆ ಈ ಸಮಾರಂಭವೇ ಸಾಕ್ಷಿ. ಸೋಮವಾರದಿಂದ ಅವರ ಕೈಕೆಳಗೆ ನನ್ನ ಕೆಲಸ. ಇಂದು ಮಾತನಾಡಲು ನನ್ನನ್ನೇ ಕರೆಯಬೇಕೆಂದು ಹಟ ಹಿಡಿದವರೂ ಅವರೇ.

ಹಾಗಾದರೆ ಹೊಟ್ಟೆಕಿಚ್ಚು ಆರಿತೇ? ಈ ವೇದಿಕೆಯಲ್ಲಿ ಸುಳ್ಳು ಹೇಳಲಾರೆ. ಈಗಷ್ಟೇ ಅಧ್ಯಕ್ಷರು ಅವರಿಗೆ ಶಾಲು ಹೊದಿಸಿದರಲ್ಲ, ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ. ಆಗ ನನ್ನ ಕೈ ತಾನಾಗಿಯೇ ಹೋಗಿ ನನ್ನ ಹೆಗಲನ್ನು ಮುಟ್ಟಿ ನೋಡಿತು.

ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆ ವಂದನೆಗಳು. ಪ್ರೇಮಲತಾ ಮೇಡಂ, ನಿಮಗೆ ಮೊದಲ ನಮಸ್ಕಾರ. ಉಳಿದವರಿಗೆಲ್ಲ ಆಮೇಲೆ, ನಮಸ್ಕಾರ.