ಎಪ್ಪತ್ತೊಂದನೇ ನಂಬರಿನ ಸಿಪಾಯಿ

ದೀಪ ಸ್ವಲ್ಪ ಸಣ್ಣದು ಮಾಡಿ... ಸಾಕು. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳು ಗುನ್ವೋರ್‌ಗೆ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ಹೋದ ನವೆಂಬರ್. ಗುನ್ವೋರ್ ಇಗರ್ಜಿಯ ಕಡೆಯಿಂದ ಮನೆಗೆ ನಡೆದು ಬರುತ್ತಿದ್ದಳು. ಗಂಟೆ ಇನ್ನೂ ಐದಾಗಿರಲಿಲ್ಲ. ಆದರೆ ಉತ್ತರದ ಈ ನಮ್ಮ ಸ್ಮೋಲಂಡ್ ಸೀಮೆಯಲ್ಲಿ ಆ ತಿಂಗಳು ನಾಲ್ಕಕ್ಕೇ ಕತ್ತಲು. ಗಾಳಿ ಇಲ್ಲ. ಬೂಟಿನ ಕೆಳಗೆ ಜಲ್ಲಿ ಮಾತ್ರ... ಚರ್, ಚರ್, ಚರ್. ಅಂಗಳದ ಬಾವಿಯ ಹತ್ತಿರ ಬಂದಾಗ ಇನ್ನೊಂದು ಸದ್ದು. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ ಆಳದಲ್ಲೆಲ್ಲೋ, ಧುಳುಂ.

ಆ ಬಾವಿಗೆ ರಾಟೆಯೇ ಇಲ್ಲ. ಚಿಕ್ಕಪ್ಪ ಪಂಪು ಹಾಕಿಸಿ, ಮೇಲೆ ಸಿಮೆಂಟಿನ ಮುಚ್ಚಳ ಕೂರಿಸಿ ಐವತ್ತು ವರ್ಷವಾಯಿತು.

ಬಾವಿಯ ಪಕ್ಕದಲ್ಲಿ ಒಬ್ಬ ನಿಂತಿದ್ದ. ಅವಳ ಕಡೆ ಬೆನ್ನು. ಅಲ್ಲಿ ನೆಟ್ಟಿದ್ದ ಹೊಸ ಹಲಗೆಯ ಮೇಲೆ ಬೆರಳಿಟ್ಟು, ಶಾಲೆಗೆ ಸೇರಿದ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ.

ಹಲಗೆ ನೆಡಿಸಿದ್ದು ಗುನ್ವೋರೇ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಅವಳಿಗೆ ಪೂರ್ವಜರ ಹುಚ್ಚು ಹಿಡಿಯಿತು. ಆ ಹುಚ್ಚು ಹಿಡಿದವರ ಮನೆಗೆ ಕಾಫಿಗೆ ಹೋಗಬಾರದು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುವ ಹಾಗೆ ಎಲ್ಲರ ಮುತ್ತಜ್ಜನೂ ವೀರನೇ. ನಮ್ಮ ಪೂರ್ವಜ ಮಾತ್ರ ನಿಜವಾಗಿ ಸಿಪಾಯಿ. ಆಗೆಲ್ಲ ನಾಲ್ಕಾರು ರೈತರ ಮನೆ ಸೇರಿ ರಾಜನಿಗೆ ಒಬ್ಬ ಸಿಪಾಯಿಯನ್ನು ಕೊಡಬೇಕಿತ್ತು. ಅವನಿಗೊಂದು ಗುಡಿಸಲು, ತುಂಡು ಹೊಲ, ಒಂದು ನಂಬರು, ಒಂದು ಹೆಸರು. ನಮ್ಮ ಗುಡಿಸಲಿನ ನಂಬರು ಎಪ್ಪತ್ತೊಂದು, ಹೆಸರು ಮೂಡಿಗ್. ಅಂದರೆ ಎದೆಗಾರ. ಒಬ್ಬ ಸತ್ತರೆ ಇನ್ನೊಬ್ಬ ಬರುತ್ತಿದ್ದ, ಅವನೂ ಮೂಡಿಗ್. ಆ ಗುಡಿಸಲೇ ಈಗ ಗುನ್ವೋರ್‌ಳ ಅಡುಗೆಮನೆ. ಉಳಿದ ಕೋಣೆಗಳೆಲ್ಲ ಆಮೇಲೆ ಸೇರಿಸಿದ್ದು.

ಆರು ವರ್ಷ ಸೈನ್ಯದ ಹಾಜರಿ ಪಟ್ಟಿ, ಇಗರ್ಜಿಯ ಪುಸ್ತಕ ಎಲ್ಲ ಜಾಲಾಡಿ ಅವಳು ಹಲಗೆ ಬರೆಸಿದಳು. ‘ಸಿಪಾಯಿ ನಂ. 71, ನಿಲ್ಸ್ ಮೂಡಿಗ್, 1782ರಿಂದ 1811. ರಷ್ಯದ ಮೇಲಿನ ಯುದ್ಧದಿಂದ ಕ್ಷೇಮವಾಗಿ ಮರಳಿದ.’ ಸೆಪ್ಟೆಂಬರಿನಲ್ಲಿ ಊರವರೆಲ್ಲ ಬಂದು ಏಳು ಬಗೆಯ ಬಿಸ್ಕತ್ತು ತಿಂದು ಚಪ್ಪಾಳೆ ತಟ್ಟಿ ಹೋದರು.

ಈಗ ಅದನ್ನು ಯಾರೋ ಓದುತ್ತಿದ್ದಾನೆ... ಕತ್ತಲಲ್ಲಿ.

“ಯಾರದು?” ಅಂದಳು ಗುನ್ವೋರ್.

“ಮೂಡಿಗ್.” ಎದೆಯಲ್ಲಿ ಕಫ ಕಟ್ಟಿದ ಪಿಸುದನಿ.

“ಯಾವ ಮೂಡಿಗ್?”

“ಎಪ್ಪತ್ತೊಂದು. ನಿಲ್ಸ್... ತಾಯಿ, ಇಲ್ಲಿ ಕ್ಷೇಮವಾಗಿ ಮರಳಿದ ಅಂತ ಬರ್ದಿದೆ. ನಾನ್ ಮರಳಿಲ್ಲ.”

ಅವಳು ಹೇಗೆ ಒಳಗೆ ಬಂದಳೋ, ಹೇಗೆ ಬಾಗಿಲು ಹಾಕಿದಳೋ ಅವಳಿಗೇ ಗೊತ್ತಿಲ್ಲ. ರಸ್ತೆಯಾಚೆ ಇರುವ ತಮ್ಮ ಸಿಕ್ಸ್ಟೆನ್‌ಗೆ ಫೋನು ಮಾಡಿದಳು. ಅವನು ಟಾರ್ಚು ಹಿಡಿದು ಬಂದು ಬಾವಿಯ ಸುತ್ತ ನೋಡಿದ. ಯಾರೂ ಇಲ್ಲ. ಆರು ವರ್ಷದಿಂದ ಸತ್ತವರನ್ನು ಕೆದಕುತ್ತಾ ಕೂತರೆ ಒಬ್ಬನಾದರೂ ಎದ್ದು ಬಂದು ವಿಚಾರಿಸದೆ ಇರುತ್ತಾನಾ ಅಂತ ರೇಗಿಸಿ, ಕಾಫಿ ಕುಡಿದು ಹೊರಟುಹೋದ.

ಗುನ್ವೋರ್‌ಗೆ ನಿದ್ದೆ ಎಲ್ಲಿಂದ ಬರಬೇಕು? ಕಂಪ್ಯೂಟರಿನಲ್ಲಿ ಹಳೆಯ ಹಾಜರಿ ಪಟ್ಟಿ ತೆರೆದು ಮತ್ತೆ ಮೊದಲಿಂದ ಓದಿದಳು. ಯುದ್ಧಕ್ಕೆ ಮುಂಚಿನ ಪಟ್ಟಿಯಲ್ಲಿ ನಿಲ್ಸ್ ಮೂಡಿಗ್, ವಯಸ್ಸು ಮೂವತ್ತೊಂದು, ಹೆಂಡತಿ ಕೆರ್ಸ್ಟಿನ್. ಯುದ್ಧ ಮುಗಿದ ಮೇಲಿನ ಪಟ್ಟಿಯಲ್ಲೂ ನಿಲ್ಸ್ ಮೂಡಿಗ್, ಹೆಂಡತಿ ಕೆರ್ಸ್ಟಿನ್... ವಯಸ್ಸು ಇಪ್ಪತ್ತೆರಡು. ಗುಮಾಸ್ತನ ಕೈತಪ್ಪು ಅಂದುಕೊಂಡು ಆ ವಯಸ್ಸನ್ನು ತನ್ನ ಪುಸ್ತಕದಲ್ಲಿ ಅವಳೇ ತಿದ್ದಿ ಬರೆದುಕೊಂಡಿದ್ದಳು. ಯಾರೂ ಹೇಳಿರಲಿಲ್ಲ, ತಾನೇ ಜಾಣೆ ಅಂತ ತಿದ್ದಿದ್ದಳು.

ಈ ಸಲ ನಡುವಿನ ವರ್ಷದ ಪಟ್ಟಿ ಹುಡುಕಿದಳು. ಅಂಚಿನಲ್ಲಿ ಸಣ್ಣ ಅಕ್ಷರ. ‘ಕಾಯಿಲೆ ಬಿದ್ದು ಫಿನ್ಲೆಂಡಿನಲ್ಲಿ ಉಳಿದಿದ್ದಾನೆ.’ ಅಷ್ಟೇ. ಯುದ್ಧ ನಡೆದದ್ದು ಅಲ್ಲೇ. ಆದರೆ ಸತ್ತ ಅಂತ ಎಲ್ಲೂ ಇಲ್ಲ. ಇಗರ್ಜಿಯ ಪುಸ್ತಕದಲ್ಲಿ ಪಾದ್ರಿ ‘ಸತ್ತನೆಂದು ಹೇಳುತ್ತಾರೆ’ ಅಂತ ಬರೆದು ಕೆರ್ಸ್ಟಿನ್‌ಗೆ ಮರುಮದುವೆ ಮಾಡಿಸಿದ್ದ. ಮಾಡಿಸದೆ ಏನು? ಗುಡಿಸಲು ಸಿಪಾಯಿಯದು, ವಿಧವೆಯದಲ್ಲ. ಹೊಸಬ ಬಂದರೆ ಅವಳು ಮೂರು ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕು, ಇಲ್ಲ ಹೊಸಬನನ್ನೇ ಕಟ್ಟಿಕೊಳ್ಳಬೇಕು. ಹೊಸಬನೂ ಒಬ್ಬ ನಿಲ್ಸ್. ನಮ್ಮ ವಂಶ ಆ ಎರಡನೆಯವನದು. ಮೊದಲನೆಯವನು ಬಂದಿದ್ದರೆ ಗುನ್ವೋರೂ ಇಲ್ಲ, ನಾವೂ ಇಲ್ಲ.

ಎರಡು ವಾರ ಆಸ್ಪತ್ರೆಗಳ ಪಟ್ಟಿ ಹುಡುಕಿದಳು, ಫಿನ್ಲೆಂಡಿಗೆ ಪತ್ರ ಬರೆದಳು. ಜ್ವರದಲ್ಲಿ ಸತ್ತವರನ್ನು ಆಗ ಎಣಿಸಿದವರೇ ಇಲ್ಲ ಅಂತ ಅಲ್ಲಿಂದ ಉತ್ತರ ಬಂತು. ಪ್ರತಿ ಸಂಜೆ ಹೊರಗೆ ಕಿರ್ರ್... ಕಿರ್ರ್... ಧುಳುಂ. ಕೊನೆಗೆ ಅವಳಿಗೆ ಭಯಕ್ಕಿಂತ ಸಂಕಟವೇ ಹೆಚ್ಚಾಯಿತು. ಕೋಟು ಹಾಕಿಕೊಂಡು ಬಾವಿಯ ಹತ್ತಿರ ಹೋದಳು.

“ಕೆರ್ಸ್ಟಿನ್ ಕಾಯ್ಲಿಲ್ವಾ?” ಅಂದ ಅವನು, ತಿರುಗದೆ.

“ಕಾದ್ಲಪ್ಪ... ಜಾಸ್ತಿ ದಿನ ಕಾಯೋಕೆ ಬಿಡ್ಲಿಲ್ಲ. ಮೂರು ಮಕ್ಳು. ಚಳಿಗಾಲ ಬೇರೆ.”

ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು ಅನ್ನುತ್ತಾಳೆ ಗುನ್ವೋರ್.

“ನಾನ್ ಯಾವತ್ತು ಸತ್ತೆ, ತಾಯಿ? ಹುಲ್ಲಿನ ಮೇಲೆ ಮಲಗ್ಸಿದ್ದು ಗೊತ್ತು. ಆಮೇಲೆ ಯಾರೂ ಏನೂ ಹೇಳ್ಲಿಲ್ಲ... ತಾರೀಕಿಲ್ದೆ ಮಲಗೋಕಾಗಲ್ಲ.”

ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಬಾರದು. ಪೂರ್ವಜರನ್ನು ಹುಡುಕುವವರಿಗೆ ಇದು ಮೊದಲ ಪಾಠ. ಗುನ್ವೋರ್ ಬಾಯಿ ತೆರೆದಳು... ಮುಚ್ಚಿದಳು... ಮತ್ತೆ ತೆರೆದಳು.

“ಸಾವಿರದ ಏಳುನೂರ ತೊಂಬತ್ತು. ಫೆಬ್ರವರಿ ಒಂಬತ್ತು. ಬೆಳಗಿನ ಜಾವ.”

“ಪಾದ್ರಿಗಳು ಇದ್ರಾ?”

“ಇದ್ರು.”

ಹೂಂ... ಅಂತ ಉದ್ದದ ಉಸಿರು. ಅಷ್ಟೇ. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಅವತ್ತು ರಾತ್ರಿ ಗುನ್ವೋರ್ ಚೆನ್ನಾಗಿ ಅತ್ತು, ಚೆನ್ನಾಗಿ ನಿದ್ದೆ ಮಾಡಿದಳು. ಬೆಳಿಗ್ಗೆ ಹಲಗೆ ಕೀಳಿಸಿ, ಹೊಸದಕ್ಕೆ ಇಬ್ಬರ ಹೆಸರನ್ನೂ ಬರೆದುಕೊಟ್ಟಳು.

ಸಂಜೆ ಅವಳು ಆಲೂಗಡ್ಡೆ ಬೇಯಲು ಇಟ್ಟಿದ್ದಳು. ಹೊರಗೆ ಕೆಮ್ಮಿನ ಸದ್ದು. ಖೊಕ್... ಖೊಕ್. ಬೇರೆ ಕೆಮ್ಮು. ಬಾಗಿಲ ಸಂದಿಯಲ್ಲಿ ಬೇರೆ ದನಿ, ಇನ್ನೂ ಮೀಸೆ ಮೂಡದ ಹುಡುಗನದು.

“ಎಪ್ಪತ್ತೆರಡು. ಬ್ರಾಂಟ್... ಮೂಡಿಗ್‌ಗೆ ಹೇಳಿದ್ರಂತೆ. ನಂಗೂ ಹೇಳಿ, ತಾಯಿ.”

ಅವನ ಹಿಂದೆ ಇನ್ನೊಂದು ಕೆಮ್ಮು. ಅದರ ಹಿಂದೆ ಮತ್ತೊಂದು. ರಸ್ತೆಯುದ್ದಕ್ಕೂ, ಒಂದಾದ ಮೇಲೊಂದು... ಇಗರ್ಜಿಯ ತಿರುವಿನವರೆಗೂ.

ಅಕ್ಕನ ಫೋನಿಗೆ ಸಿಕ್ಸ್ಟೆನ್ ಹಿತ್ತಿಲ ಬಾಗಿಲಿಂದ ಬಂದಾಗ ಆಲೂಗಡ್ಡೆ ಸೀದು ಕರಕಲಾಗಿತ್ತು. ಅಕ್ಕ ನೆಲದ ಮೇಲೆ ಕೂತಿದ್ದಳು, ತೊಡೆಯ ಮೇಲೆ ಹಾಜರಿ ಪಟ್ಟಿಯ ನಕಲು. ‘ಕಾಯಿಲೆ ಬಿದ್ದು ಉಳಿದಿದ್ದಾನೆ’ ಅನ್ನುವ ಮಾತು ಆ ಒಂದು ತುಕಡಿಯಲ್ಲೇ ನಲವತ್ತಮೂರು ಸಲ ಇತ್ತು.

“ಒಬ್ಬಂಗೆ ಸುಳ್ಳು ಹೇಳ್ಬಹುದು ಸಿಕ್ಸ್ಟೆನ್,” ಅಂದಳು. “ಇಷ್ಟು ಜನಕ್ಕೆ ನಾನೆಲ್ಲಿಂದ ಸಾವು ತರ್ಲೋ?”

ಆವತ್ತು ಅವನು ರೇಗಿಸಲಿಲ್ಲ. ಅಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತ. ಬೆಳಗಾಗುವವರೆಗೂ ಇಬ್ಬರೂ ಕೆಮ್ಮು ಕೇಳಿಸಿಕೊಂಡರು, ಮುಂಬಾಗಿಲು ಮಾತ್ರ ತೆರೆಯಲಿಲ್ಲ.

ನೀವು ನಂಬದಿದ್ದರೆ ಸಿಕ್ಸ್ಟೆನ್‌ನನ್ನೇ ಕೇಳಿ. ಅವನಿಗೆ ಕತೆ ಕಟ್ಟುವಷ್ಟು ತಲೆ ಇಲ್ಲ. ಆ ರಾತ್ರಿಯೇ ವರ್ಷದ ಮೊದಲ ಹಿಮ ಬಿತ್ತು. ಬೆಳಿಗ್ಗೆ ದಾರಿ ಮಾಡಲು ಅವನು ಸಲಿಕೆ ತೆಗೆದುಕೊಂಡು ಹೊರಗೆ ಬಂದ. ಇಗರ್ಜಿಯ ರಸ್ತೆಯಿಂದ ಬಾಗಿಲವರೆಗೆ ಹೆಜ್ಜೆ ಗುರುತುಗಳು, ಎರಡೆರಡು ಸಾಲಾಗಿ. ಎಲ್ಲವೂ ಮನೆ ಕಡೆಗೆ ಬಂದವು. ಹಿಂದಿರುಗಿ ಹೋದದ್ದು ಒಂದೂ ಇರಲಿಲ್ಲ. ಅರ್ಧಕ್ಕರ್ಧ ಬರಿಗಾಲಿನವು.