ಪಕ್ಕದವನ ಗಾಡಿಯ ಅಳತೆ

ಇವತ್ತು ಶ್ರೀಮಂತನ ಕಥೆ ಇಲ್ಲ. ನಾನು ಶ್ರೀಮಂತನ ಕಥೆ ಶುರು ಮಾಡಿದರೆ ಸಾಕು, ನೀವೆಲ್ಲ ಆರಾಮಾಗಿ ಮಠದ ಗೋಡೆಗೆ ಒರಗಿ ಕೂರುತ್ತೀರಿ. ಇದು ದೊಡ್ಡ ಮನೆಯವರಿಗೆ ಹೇಳಿದ್ದು, ನಮಗಲ್ಲ ಎಂದು ನಿಮಗೆ ಒಳಗೊಳಗೇ ಖುಷಿ. ಅದಕ್ಕೇ ಇವತ್ತು ಎರಡು ಪಿಕಪ್ ಗಾಡಿಗಳ ಕಥೆ. ಈಗ ನೆಟ್ಟಗೆ ಕೂತುಕೊಳ್ಳಿ.

ಮೆಣಸಿನಕಾಯಿ ಮಾರ್ಕೆಟ್ ಇರುವ ಒಂದು ಊರು. ಅಲ್ಲೊಂದು ಓಣಿ, ಓಣಿಯಲ್ಲಿ ಎದುರುಬದುರು ಎರಡು ಮನೆ. ಎರಡೂ ಮನೆಗಳ ಮುಂದೆ ಒಂದೊಂದು ಪಿಕಪ್. ಒಂದು ನೀಲಿ, ಇನ್ನೊಂದು ಬಿಳಿ. ಯಜಮಾನರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಇಲ್ಲೇ ನಾಲ್ಕಾರು ಜನ ಸಿಗುತ್ತಾರೆ, ನಾಳೆ ಮಠದ ಬಾಗಿಲಿಗೆ ಬಂದು ಜಗಳ ತೆಗೆಯುತ್ತಾರೆ. ನೀಲಿ ಗಾಡಿಯವನು, ಬಿಳಿ ಗಾಡಿಯವನು. ಅಷ್ಟು ಸಾಕು.

ಇಬ್ಬರದೂ ಒಂದೇ ಕೆಲಸ. ಸುತ್ತಲಿನ ಹಳ್ಳಿಗಳಿಂದ ಒಣ ಮೆಣಸಿನಕಾಯಿ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ತರುವುದು. ಮೊದಲು ಬಂದ ಗಾಡಿಯ ಚೀಲಗಳನ್ನು ಹಮಾಲರು ಮೊದಲು ಇಳಿಸುತ್ತಾರೆ. ತಡವಾಗಿ ಬಂದವನು ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಲ್ಲಬೇಕು. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀಲಿ ಗಾಡಿಯವನಿಗೆ ಏನು ಕಮ್ಮಿ ಇತ್ತು? ನೋಡಿ, ಏನೂ ಕಮ್ಮಿ ಇರಲಿಲ್ಲ. ಕೈತುಂಬ ಕೆಲಸ, ಸ್ವಂತ ಮನೆ, ನಗುನಗುತ್ತಾ ಇರುವ ಹೆಂಡತಿ. ಆದರೆ ಒಂದು ಸಂಜೆ ಆ ಹೆಂಡತಿ ರೊಟ್ಟಿ ಬಡಿಯುತ್ತಾ ಒಂದು ಮಾತು ಅಂದಳು.

"ಎದುರು ಮನಿಯವರ ಗಾಡಿ ಬಂದದ್ದ ಗೊತ್ತಾಗಂಗಿಲ್ಲ ನೋಡ್ರಿ. ನಮ್ಮದು ಊರ ಅಗಸಿ ಬಾಗಲಾ ದಾಟೂದ್ರಾಗ ಓಣ್ಯಾಗಿನ ಕೂಸೆಲ್ಲ ಎದ್ದು ಅಳತಾವು."

ನಕ್ಕು ಅಂದ ಮಾತು. ತಮಾಷೆಗೆ ಅಂದ ಮಾತು. ಅವಳು ಅಂದು ಮರೆತಳು. ಇವನು ಮರೆತನೇ? ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ನನ್ನ ಮನೆಯಲ್ಲಿ ಕೂತು, ನನ್ನ ಒಲೆಯ ಮುಂದೆ, ಅವನ ಗಾಡಿಯ ಹೊಗಳಿಕೆಯೇ ಎಂದು ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

ಸದ್ದು ಯಾಕೆ ಬರುತ್ತಿತ್ತು? ಗಾಡಿಯ ಸೈಲೆನ್ಸರ್ ಪೈಪು ನಡುವಿನಲ್ಲಿ ತುಕ್ಕು ಹಿಡಿದು ತೂತು ಬಿದ್ದಿತ್ತು. ಸರಿಯಾಗಿ ಡ್ರೈವರ್ ಸೀಟಿನ ಕೆಳಗೆ. ಬಿಳಿ ಗಾಡಿಯವನೇ ಅದನ್ನು ಕಂಡು ಹೇಳಿದ.

"ಅಣ್ಣಾ, ನಿನ್ನ ಪೈಪಿನ ನಡುವ ತೂತು ಬಿದ್ದೈತಿ. ಹೊಗಿ ಹಿಂದ ಹೋಗೂದು ಬಿಟ್ಟು ಸೀಟಿನ ಕೆಳಗ ಬರಾಕತ್ತೈತಿ. ಅಷ್ಟು ತುಂಡು ಕೊಯ್ಸಿ ಹೊಸಾದು ಹಾಕಿಸಿಬಿಡು."

"ನೋಡೂಣ" ಎಂದ ಇವನು. ಬಾಯಲ್ಲಿ ನೋಡೂಣ, ಮನಸ್ಸಿನಲ್ಲಿ ಬೇರೆ. ಇವನ್ಯಾರು ನನ್ನ ಗಾಡಿಯ ಕೆಳಗೆ ಬಗ್ಗಿ ನೋಡುವುದಕ್ಕೆ? ನಾನು ಗ್ಯಾರೇಜಿನಲ್ಲಿ ಕೂತರೆ ನನ್ನ ಲೋಡು ಯಾರಿಗೆ ಹೋಗುತ್ತದೆ? ಇವನಿಗೇ ತಾನೆ?

ನೋಡಿ, ಹೊಟ್ಟೆಕಿಚ್ಚಿನವನ ಕಿವಿ ಹೇಗಿರುತ್ತದೆ ನೋಡಿ. ಒಳ್ಳೆಯ ಮಾತು ಒಳಗೆ ಹೋಗುವಾಗ ಒಳ್ಳೆಯದೇ ಆಗಿರುತ್ತದೆ, ಒಳಗೆ ಹೋದ ಮೇಲೆ ಕೆಡುತ್ತದೆ.

ಆದರೂ ಪೈಪು ಬದಲಾಯಿಸಬೇಕು ಎಂದು ಅವನಿಗೂ ಅನಿಸಿತು. ಹೊಗೆಯ ಭಯಕ್ಕಲ್ಲ. ಅವನ ಗಾಡಿಯ ಹಾಗೆ ನನ್ನ ಗಾಡಿಯೂ ಸಪ್ಪಳವಿಲ್ಲದೆ ಬರಬೇಕು ಎಂಬ ಹಟಕ್ಕೆ. ಅವನ ಹಾಗೆಯೇ ಆಗಬೇಕೆಂದರೆ ಅವನದೇ ಪೈಪು ಬೇಕಲ್ಲವೇ? ಅದಕ್ಕೆ ಏನು ಮಾಡಿದ ಗೊತ್ತೇ? ಮಧ್ಯಾಹ್ನ ಬಿಳಿ ಗಾಡಿಯವನು ಉಂಡು ಅಡ್ಡಾಗಿದ್ದಾಗ, ತನ್ನ ಹೆಂಡತಿಯ ಹೊಲಿಗೆ ದಾರ ಕದ್ದು ತಂದು, ಆ ಗಾಡಿಯ ಕೆಳಗೆ ಅಂಗಾತ ತೂರಿದ. ತನ್ನ ಗಾಡಿಯ ಕೆಳಗೆ ಒಂದು ದಿನವೂ ಬಗ್ಗದವನು! ಎದುರು ಮನೆಯವನ ಪೈಪಿಗೆ ದಾರ ಸುತ್ತಿ ಅಳತೆ ತೆಗೆಯುತ್ತಿದ್ದಾನೆ. ಅಷ್ಟರಲ್ಲಿ ಬಿಳಿ ಗಾಡಿಯವನ ತಾಯಿ ಹೊರಗೆ ಬಂದರು. ಹೊರಗೆ ಕಾಣುವುದು ಬರೀ ಎರಡು ಕಾಲು.

"ಯಾರಪಾ ಅದು?"

"ನಾನ ರೀ ಅವ್ವಾರ. ನಮ್ಮ ಬೆಕ್ಕಿನ ಮರಿ ಇದರ ಕೆಳಗ ಹೊಕ್ಕಿತ್ತು."

"ನೀವು ಬೆಕ್ಕು ಯಾವಾಗ ಸಾಕಿದ್ರಿ?"

ನಗಬೇಡಿ. ನಗುವವರೆಲ್ಲ ಒಂದಲ್ಲ ಒಂದು ದಿನ ಪಕ್ಕದವರ ಗಾಡಿಯ ಕೆಳಗೆ ಮಲಗಿದವರೇ. ಅವರ ಮನೆ ಪರದೆಯ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದವರು, ಅವರ ಮಗಳ ಮದುವೆಯಲ್ಲಿ ಊಟದ ಎಲೆಯ ಮೇಲಿನ ಪದಾರ್ಥ ಎಣಿಸಿದವರು. ತಾಯಂದಿರೇ, ಹಿಂದೆ ಯಾಕೆ ಗುಸುಗುಸು? ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಆ ಅಳತೆಯದೇ ಒಂದು ಪೈಪು ಕೊಂಡು, ಹಿಡಿದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದ. ವೆಲ್ಡಿಂಗಿನವನು ಗಾಡಿಯ ಕೆಳಗೆ ನೋಡಿ ಎದ್ದು ಬಂದ.

"ಇದು ಯಾವ ಗಾಡಿ ಅಳತಿ? ನಿನ್ನ ಪೈಪ್ ಸಣ್ಣದೈತಿ, ಇದು ದಪ್ಪ. ಹೊಂದಂಗಿಲ್ಲ."

"ಹೊಂದಸು."

"ತುಕ್ಕೂ ಇನ್ನಷ್ಟು ಮುಂದಿನ ತನಕ ಹೋಗೈತಿ. ಗಟ್ಟಿ ಕಬ್ಬಿಣ ಸಿಗೂತನ ಕೊಯ್ಯಬೇಕು."

"ಅಷ್ಟೆಲ್ಲ ಬ್ಯಾಡೋ ಮಾರಾಯ. ಈ ತುಂಡು ಕೂಡಸು, ಸಪ್ಪಳ ಬರಬಾರದು. ಮುಗೀತು."

ಗಿರಾಕಿಯ ಮಾತು, ಏನು ಮಾಡುತ್ತಾನೆ? ತುಕ್ಕು ಹಿಡಿದ ತೆಳು ಅಂಚಿಗೆ ದಪ್ಪ ಪೈಪು ಹಿಡಿದು, ಸುತ್ತಲೂ ವೆಲ್ಡಿಂಗ್ ರಾಡು ಕರಗಿಸಿ ತುಂಬಿ ತುಂಬಿ ಕೂಡಿಸಿದ. ಸದ್ದು ನಿಂತಿತು. ನಮ್ಮ ನೀಲಿ ಗಾಡಿಯವನು ಸಂಜೆ ಮನೆಗೆ ಬಂದು, ಅಂಗಳದಲ್ಲೇ ಎಂಜಿನ್ ಚಾಲೂ ಬಿಟ್ಟು ಹೆಂಡತಿಯನ್ನು ಕರೆದ.

"ಕೇಳಸ್ತೇನು?"

"ಏನ್ರಿ?"

"ಏನೂ ಕೇಳಸವಲ್ದಲ್ಲ, ಅದ!"

"ಹೌದ್ರಿ, ಛಲೋ ಆತು. ಥೇಟ್ ಅವರ ಗಾಡಿ ಗತೆ ಆತು."

ಅವರ ಗಾಡಿ ಗತೆ! ಇಷ್ಟೆಲ್ಲ ಮಾಡಿದರೂ ಅವನ ಗಾಡಿಯೇ ಮುಂದೆ, ಇವನದು ಬರೀ ಅದರ ಹಾಗೆ. ಮತ್ತೆ ಹೊಟ್ಟೆ ಉರಿಯಿತು.

ರಸ್ತೆಯಲ್ಲಿ ಹಂಪುಗಳು ಇರುತ್ತವಲ್ಲ. ಭಾರದ ಪೈಪು ಕುಲುಕಿ ಕುಲುಕಿ, ಹಳೆಯ ತೆಳು ಅಂಚು ಬಿರುಕು ಬಿಟ್ಟಿತು. ಬಿರುಕು ಮೇಲ್ಮುಖವಾಗಿತ್ತು. ಸದ್ದು ಹೆಚ್ಚಿಲ್ಲ, ಆದರೆ ಹೊಗೆ ಗೇರ್ ಕೋಲಿನ ಬುಡದ ಸಂದಿಯಿಂದ ಕ್ಯಾಬಿನ್ನಿನ ಒಳಗೆ ಬರಲು ಶುರುವಾಯಿತು. ಅವನಿಗೆ ಗೊತ್ತಾಗಲಿಲ್ಲವೇ? ಅಲ್ಲೇ ಇರುವುದು ನೋಡಿ. ಮೆಣಸಿನಕಾಯಿ ಹೇರುವವನಿಗೆ ದಿನವೂ ಕೆಮ್ಮು, ದಿನವೂ ಕಣ್ಣಲ್ಲಿ ನೀರು, ಮೂಗಲ್ಲಿ ಉರಿ. ಇದು ಘಾಟು ಎಂದುಕೊಂಡ. ತಲೆ ನೋಯಿತು, ಘಾಟು ತಲೆಗೇರಿದೆ ಎಂದುಕೊಂಡ. ಹಿಂದಿನ ಚೀಲಗಳ ಘಾಟು ಒಳಗೆ ಬಾರದಿರಲಿ ಎಂದು ಎರಡೂ ಗಾಜು ಏರಿಸಿಕೊಂಡು ಓಡಿಸತೊಡಗಿದ.

ಒಂದು ಮಾರ್ಕೆಟ್ ದಿನ ಹೆಂಡತಿಯೂ ಪಕ್ಕದಲ್ಲಿ ಕೂತಳು. ಮಾರ್ಕೆಟ್ಟಿನ ಆಚೆ ಅವಳ ತಂಗಿಯ ಮನೆ, ಅಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಹೊಸ ಸೀರೆ ಉಟ್ಟಿದ್ದಳು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು.

"ರೀ, ಗಾಜು ಇಳಸ್ರಿ. ಒಂಥರಾ ಆಗಾಕತ್ತೈತಿ."

"ಇಳಸಿದ್ರ ಘಾಟು ಇನ್ನಷ್ಟು ಬರ್ತೈತಿ. ಸುಮ್ಮ ಕುಂದ್ರು, ಬಂತು ಮಾರ್ಕೆಟ್ಟು."

ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಯಾರು? ಬಿಳಿ ಗಾಡಿ. ಹಾರ್ನ್ ಹೊಡೆಯುತ್ತಾನೆ, ಲೈಟು ಹಾಕಿ ಆರಿಸುತ್ತಾನೆ, ಕೈ ಹೊರಗೆ ಚಾಚಿ ಬೀಸುತ್ತಾನೆ. ತಿರುವಿನಲ್ಲಿ ಪಕ್ಕದಿಂದ ಅವನಿಗೆ ಕಂಡಿತ್ತು. ಹಿಂದಿನಿಂದ ಬರಬೇಕಾದ ಹೊಗೆ ಕ್ಯಾಬಿನ್ನಿನ ಕೆಳಗೆ ಸುತ್ತುತ್ತಿತ್ತು, ಒಳಗೆ ಆ ಹೆಣ್ಣುಮಗಳ ತಲೆ ಗಾಜಿಗೆ ವಾಲಿತ್ತು.

ನೀಲಿ ಗಾಡಿಯವನಿಗೆ ಏನು ಅನಿಸಿತು ಹೇಳಿ. ಹೇಳಿ, ನಿಮಗೇ ಗೊತ್ತಿದೆ. ಮಾರ್ಕೆಟ್ಟಿಗೆ ನನಗಿಂತ ಮೊದಲು ಹೋಗಬೇಕೆಂದಿದ್ದಾನೆ, ನನ್ನ ಹೆಂಡತಿಯ ಎದುರಿಗೇ ನನ್ನನ್ನು ಹಿಂದೆ ಹಾಕಬೇಕೆಂದಿದ್ದಾನೆ ಎಂದು. ಎಕ್ಸಿಲರೇಟರ್ ಒತ್ತಿದ. ಬಿಳಿ ಗಾಡಿ ಬಲಕ್ಕೆ ಬಂದರೆ ಇವನು ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಸೈಡ್ ಕೊಡಲಿಲ್ಲ. ಒತ್ತಿದಷ್ಟೂ ಹೊಗೆ ಹೆಚ್ಚಾಗಿ ಸಂದಿಯಿಂದ ಅವಳ ಕಡೆಗೇ ನುಗ್ಗಿತು, ಇವನ ತಲೆಯೂ ಸಿಡಿಯುತ್ತಿತ್ತು. ಕಣ್ಣು ಕನ್ನಡಿಯಿಂದ ಕದಲಲಿಲ್ಲ. ಪಕ್ಕದಲ್ಲಿ ಹೆಂಡತಿ ಮಾತು ನಿಲ್ಲಿಸಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡ. ತಿರುಗಿ ನೋಡಿದನೇ? ನೋಡಲಿಲ್ಲ. ಅವನಿಗೆ ಬೇಕಾದವನು ಕನ್ನಡಿಯಲ್ಲಿದ್ದ.

ಮುಂದೆ ಕೂತ ಅಜ್ಜಿ ಬಾಯಿಗೆ ಸೆರಗು ಹಿಡಿದುಕೊಂಡಿದ್ದಾರೆ. "ಆಮ್ಯಾಲೆ ಏನಾತ್ರೀ ಅಜ್ಜಾರ?" ಅನ್ನುತ್ತಿದ್ದಾರೆ. ತಡಿಯವ್ವಾ, ಹೇಳುತ್ತೇನೆ.

ರೈಲ್ವೆ ಗೇಟು ಹಾಕಿತ್ತು. ದೇವರೇ ಹಾಕಿಸಿದ ಎನ್ನಿ, ರೈಲಿನವರು ಹಾಕಿದರು ಎನ್ನಿ. ನೀಲಿ ಗಾಡಿ ನಿಲ್ಲಲೇಬೇಕಾಯಿತು. ಬಿಳಿ ಗಾಡಿಯವನು ತನ್ನ ಗಾಡಿಯಿಂದ ಹಾರಿ ಓಡಿ ಬಂದ. ಅವನು ಜಗಳಕ್ಕೆ ಬಂದನೆಂದು ನೀಲಿ ಗಾಡಿಯವನು ತೋಳು ಏರಿಸಿಕೊಂಡು ಕೆಳಗಿಳಿದ. ಅವನು ಇವನ ಕಡೆ ಬರಲೇ ಇಲ್ಲ. ಆ ಕಡೆಯ ಬಾಗಿಲು ತೆಗೆದ. ತೆಗೆದದ್ದೇ ತಡ, ಆ ಹೆಣ್ಣುಮಗಳು ಅವನ ಕೈ ಮೇಲೆ ಉರುಳಿದಳು.

"ಗಾಡಿ ಬಂದ್ ಮಾಡೋ! ಹೊಗಿ ಒಳಗ ತುಂಬೈತಿ, ಕಾಣಸವಲ್ದೇನು ನಿನಗ?"

ಹೊರಗೆ ಗಾಳಿಯಲ್ಲಿ ಮಲಗಿಸಿದರು, ಟವೆಲ್ ಬೀಸಿದರು, ಮುಖಕ್ಕೆ ನೀರು ಹಾಕಿದರು. ರೈಲು ಬಂತು, ಹೋಯಿತು, ಗೇಟು ತೆರೆಯಿತು, ಹಿಂದಿನ ಗಾಡಿಗಳೆಲ್ಲ ಪಕ್ಕದಿಂದ ಹಾದು ಮಾರ್ಕೆಟ್ಟಿಗೆ ಹೋದವು. ಮೊದಲು ಹೋಗಬೇಕಾದ ಇಬ್ಬರೂ ಅಲ್ಲೇ ಕೂತಿದ್ದರು. ಕಡೆಗೆ ಅವಳು ವಾಂತಿ ಮಾಡಿಕೊಂಡು ಕಣ್ಣು ತೆರೆದಳು. ಬದುಕಿದಳು ತಾಯಿ. ಅಜ್ಜಿ, ಸೆರಗು ಕೆಳಗೆ ಬಿಡಿ.

ಕಣ್ಣು ಬಿಟ್ಟವಳು ಗಂಡನ ಮುಖ ನೋಡಿ ಕೇಳಿದಳು:

"ಅವರು ಹಾರ್ನ್ ಹೊಡಿಯೂದು ನನಗ ಕೇಳಸ್ತಿತ್ತು. ನಿಮಗ ಕೇಳಸಲಿಲ್ಲೇನು?"

ಅವನು ಸುಳ್ಳು ಹೇಳಬಹುದಿತ್ತು. ಬೆಕ್ಕಿನ ಮರಿಯ ಸುಳ್ಳು ಹೇಳಿದ ಬಾಯಿ ಅದು. ಆದರೆ ಹೇಳಲಾಗಲಿಲ್ಲ.

"ಕೇಳಿಸಿತ್ತು" ಎಂದ. ತಲೆ ತಗ್ಗಿಸಿ ಅತ್ತ.

ಮರುದಿನ ವೆಲ್ಡಿಂಗ್ ಅಂಗಡಿಗೆ ಹೋಗಿ, ಗಟ್ಟಿ ಕಬ್ಬಿಣ ಸಿಗುವ ತನಕ ಕೊಯ್ಸಿದ. ತನ್ನ ಗಾಡಿಯ ಅಳತೆಯ ತುಂಡು ಹಾಕಿಸಿದ. ಅವತ್ತಿಗೆ ಹೊಟ್ಟೆಕಿಚ್ಚು ಹೋಯಿತೇ? ಹೋಗಲಿಲ್ಲ. ಮಠದಲ್ಲಿ ಕೂತು ನಾನ್ಯಾಕೆ ಸುಳ್ಳು ಹೇಳಲಿ? ಓಣಿಯೆಲ್ಲ ಬಿಳಿ ಗಾಡಿಯವನನ್ನು ಹೊಗಳಿತು, ಅದನ್ನು ಕೇಳಿ ಇವನ ಹೊಟ್ಟೆ ಮತ್ತೆ ಚುರ್ ಎಂದಿತು. ಆದರೆ ಚುರ್ ಎಂದಾಗಲೆಲ್ಲ ಆ ರೈಲ್ವೆ ಗೇಟು ನೆನಪಾಗಿ, ಕನ್ನಡಿ ಬಿಟ್ಟು ಪಕ್ಕಕ್ಕೆ ತಿರುಗುತ್ತಿದ್ದ. ಅಷ್ಟೇ ಕಲಿತ. ಅಷ್ಟು ಕಲಿತರೂ ಸಾಕು.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮ ಹೊಟ್ಟೆಕಿಚ್ಚಿನ ಹೊಗೆ ಎದುರು ಮನೆಗೆ ಹೋಗುತ್ತದೆ ಎಂದುಕೊಂಡಿದ್ದೀರಾ? ಅಲ್ಲಿ ಅವರು ಹಾಯಾಗಿ ಉಂಡು ಮಲಗಿದ್ದಾರೆ. ಅದು ನಿಮ್ಮ ಮನೆಯಲ್ಲಿ, ನಿಮ್ಮ ಪಕ್ಕ ಕೂತವರ ಮೂಗಿಗೆ ಹೋಗುತ್ತಿದೆ. ಅವರ ಮಗ ಪಾಸಾದ ಎಂದು ನಿಮ್ಮ ಮಗನಿಗೆ ಏಟು. ಅವರು ಬಂಗಾರ ತಂದರು ಎಂದು ನಿಮ್ಮ ಗಂಡನಿಗೆ ಬೈಗುಳ. ಅವರ ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಎಂದು ನಿಮ್ಮ ಹೆಂಡತಿಯ ಸಾರಿಗೆ ಉಪ್ಪಿಲ್ಲ ಎಂಬ ತಕರಾರು! ಕೆಮ್ಮುತ್ತಿರುವವರು ನಿಮ್ಮವರು. ನೀವು ಅದಕ್ಕೆ ಘಾಟು ಎಂದು ಹೆಸರಿಟ್ಟು ಗಾಜು ಏರಿಸಿಕೊಂಡು ಕೂತಿದ್ದೀರಿ.

ನಾಳೆಯಿಂದ ಏನು ಮಾಡುತ್ತೀರಿ? ದೊಡ್ಡದೇನೂ ಬೇಡ. ನಿಮಗೆ ಆಗದವನು ನಿಮ್ಮಲ್ಲೊಂದು ತಪ್ಪು ತೋರಿಸಿದರೆ, ಅವನು ಯಾಕೆ ಹೇಳಿದ ಎಂದು ಯೋಚಿಸುವ ಮೊದಲು ಬಗ್ಗಿ ನೋಡಿ, ತೂತು ಇದೆಯೋ ಇಲ್ಲವೋ. ಇದ್ದರೆ ನಿಮ್ಮ ಅಳತೆಗೆ ಸರಿ ಮಾಡಿಸಿ, ಅವನ ಅಳತೆಗಲ್ಲ. ಮನೆಯಲ್ಲಿ ಯಾರಾದರೂ ನೆರೆಯವರನ್ನು ಹೊಗಳಿದರೆ ಒಮ್ಮೆ ಹೌದು ಅನ್ನಿ. ಹೌದು ಅಂದರೆ ನಾಲಿಗೆ ಸವೆಯುವುದಿಲ್ಲ.

ಪ್ರಸಾದ ಮುಗಿಸಿ ಹೊರಗೆ ಹೋಗುತ್ತೀರಿ. ಮಠದ ಮುಂದೆ ನಿಮ್ಮ ಗಾಡಿಗಳೆಲ್ಲ ಒತ್ತೊತ್ತಾಗಿ ನಿಂತಿವೆ, ನಾ ಮೊದಲು ತಾ ಮೊದಲು ಎಂದು ತೆಗೆಯುತ್ತೀರಿ. ಹಿಂದಿನವನು ಹಾರ್ನ್ ಹೊಡೆದೇ ಹೊಡೆಯುತ್ತಾನೆ. ಆಗ ಕನ್ನಡಿಯಲ್ಲಿ ಅವನನ್ನು ನೋಡಿ ಬೈಯುವ ಮೊದಲು, ನಿಮ್ಮ ಪಕ್ಕದಲ್ಲಿ ಕೂತವರ ಮುಖ ಒಮ್ಮೆ ನೋಡಿ.