ತಟ್ಟಿದರೂ ಬಿಡಬೇಡ

ಹಿರಿಯರ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ಭಟ್ಕಳದಿಂದ ಹೊರಟು ಶರಾವತಿಯಲ್ಲಿ ಲಾಂಚಿಗಾಗಿ ಬಿಸಿಲಿನಲ್ಲಿ ಕಾದು ಬಂದಿರುವ ಮುಖ್ಯ ಅತಿಥಿಗಳೇ, ಕಾಲೇಜಿನ ಪ್ರಿನ್ಸಿಪಾಲರೇ, ಅಧ್ಯಾಪಕರೇ, ಹಿಂದೆ ನಿಂತೇ ಕೇಳುತ್ತಿರುವ ವಿದ್ಯಾರ್ಥಿಗಳೇ, ಕುಮಟೆಯ ಸಭಿಕ ಬಂಧುಗಳೇ,

ಈಗ ನನ್ನನ್ನು ಕರೆದವರು ‘ಕುಸ್ತಿ ತಜ್ಞರಾದ ಶ್ರೀ ವಿಘ್ನೇಶ್ವರ ಹೆಗಡೆಯವರು’ ಎಂದರು. ತಜ್ಞ ಎಂದರೆ ಯಾರೋ ಬರಲಿದ್ದಾರೆ ಎಂದು ನಾನೂ ಬಾಗಿಲ ಕಡೆ ನೋಡಿದೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಉಳಿದದ್ದನ್ನು ಅಡಿಕೆ ವಖಾರಿಯಲ್ಲಿ ಕೆಲಸ ಮಾಡುತ್ತ, ಪೊಟ್ಟಣ ಕಟ್ಟಲು ತಂದ ಹಳೆಯ ಪೇಪರುಗಳಿಂದ ಕಲಿತೆ. ಹಾಗಾಗಿ ನನಗೆ ಎಲ್ಲ ಸುದ್ದಿಯೂ ಅರ್ಧವೇ ಗೊತ್ತು; ಉಳಿದರ್ಧ ಗಿರಾಕಿಯ ಮನೆಗೆ ಹೋಗಿರುತ್ತಿತ್ತು. ಭಾಷಣದಲ್ಲಿ ಎಲ್ಲಾದರೂ ತುಂಡಾದರೆ ಅದೇ ಕಾರಣವೆಂದು ತಿಳಿದು ಕ್ಷಮಿಸಬೇಕು.

ನಮ್ಮ ಈರ ಗೌಡ ನಾಳೆ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹತ್ತುತ್ತಾನೆ. ಅಲ್ಲಿಂದ ರೈಲು, ಮತ್ತೆ ರೈಲು, ಪಂಜಾಬದ ಕಡೆಗೆ. ಇಡೀ ದೇಶದ ಕಾಲೇಜು ಹುಡುಗರ ಕುಸ್ತಿ ಪಂದ್ಯಾವಳಿ ಅಲ್ಲಿ ನಡೆಯಲಿದೆ. ಸಂತೆಗುಳಿಯ ಗದ್ದೆಯಿಂದ ಬಂದ ಹುಡುಗ ನಮ್ಮ ವಿಶ್ವವಿದ್ಯಾಲಯದ ಹೆಸರು ಬರೆದ ಬನಿಯನ್ನು ಹಾಕಿಕೊಂಡು ನಿಲ್ಲುತ್ತಾನೆ. ಅಲ್ಲಿ ಎಂಥವರು ಬರುತ್ತಾರೆ, ಹೇಗೆ ನಡೆಯುತ್ತದೆ ಎಂದು ನಾಲ್ಕು ಮಾತು ಹೇಳಿ ಎಂದು ಪ್ರಿನ್ಸಿಪಾಲರು ಅಪ್ಪಣೆ ಮಾಡಿದ್ದಾರೆ.

ಹೇಳುತ್ತೇನೆ. ಪಂಜಾಬಿನ ಹುಡುಗರು ಬರುತ್ತಾರೆ. ಅವರು ಹುಟ್ಟಿದ ದಿನವೇ ತೊಡೆ ತಟ್ಟಿದವರು. ದಿಲ್ಲಿಯವರು ಬರುತ್ತಾರೆ. ಕೊಲ್ಹಾಪುರದವರು ಬರುತ್ತಾರೆ, ಅವರ ಕಾಲಿನ ಪಟ್ಟು ಬಹಳ ಕೆಟ್ಟದ್ದು. ಮೊದಲು ಎಲ್ಲರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ತೂಕ ಒಂದು ಗುಲಗಂಜಿ ಹೆಚ್ಚಾದರೂ ಹೊರಗೆ. ನಮ್ಮ ಅಧ್ಯಕ್ಷರಿಗೂ ನನಗೂ ಅಲ್ಲಿ ಪ್ರವೇಶವಿಲ್ಲ. ಅವರಿಗೆ ಹೆಚ್ಚಾಗಿ, ನನಗೆ ಕಡಿಮೆಯಾಗಿ. ಮತ್ತೆ, ಅಲ್ಲಿ ಮಣ್ಣಿಲ್ಲ. ದಪ್ಪ ಗಾದಿ ಹಾಸಿರುತ್ತಾರೆ. ಗಡಿಯಾರ ನೋಡುತ್ತಾರೆ, ಪಟ್ಟಿಗೆ ಇಷ್ಟು ಅಂಕವೆಂದು ಗುಣ ಕೊಡುತ್ತಾರೆ, ಪೀಪಿ ಊದುತ್ತಾರೆ. ನಮ್ಮ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಇದೊಂದೂ ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಮಣ್ಣು ಮತ್ತು ಜೋಡಿ.

ಜೋಡಿ ಎಂದರೆ ಏನೆಂದು ಕೆಲವರಿಗೆ ತಿಳಿಯಲಿಕ್ಕಿಲ್ಲ. ಹಾಡು ಒಬ್ಬನೇ ಹಾಡಬಹುದು, ಈಜು ಒಬ್ಬನೇ ಈಜಬಹುದು. ಕುಸ್ತಿಯನ್ನು ಒಬ್ಬನೇ ಮಾಡಲು ಬರುತ್ತದೆಯೇ? ದಿನವೂ ನಿಮ್ಮೆದುರು ನಿಂತು ನಿಮ್ಮನ್ನು ಬೀಳಿಸುವವನು, ನಿಮ್ಮಿಂದ ಬೀಳುವವನು ಒಬ್ಬ ಬೇಕು. ಅವನೇ ಜೋಡಿ. ನನ್ನ ಜೋಡಿ ಭಟ್ಕಳದಿಂದ ಬಂದು ಇಲ್ಲೇ ಇದ್ದ ಇಸ್ಮಾಯಿಲ್ ಸಾಹೇಬರು. ಅವರು ನವಾಯತಿಯಲ್ಲಿ ಬೈಯುತ್ತಿದ್ದರು, ನಾನು ನಮ್ಮ ಭಾಷೆಯಲ್ಲಿ ಬೈಯುತ್ತಿದ್ದೆ, ಇಬ್ಬರಿಗೂ ಅರ್ಥವಾಗುತ್ತಿತ್ತು. ಮೈಗೆ ಕೆಂಪು ಮಣ್ಣು ಹತ್ತಿಸಿಕೊಂಡು ಮನೆಗೆ ಹೋದರೆ ನನ್ನ ತಾಯಿ ಬಾಗಿಲಲ್ಲೇ ತಡೆಯುತ್ತಿದ್ದಳು: “ತಮಾ, ಮನೆಲಿ ಇಪ್ಪ ಕೆಸರು ಸಾಲ್ತಿಲ್ಯನಾ? ಹಿಂಗೇ ಇದ್ರೆ ನಿಂಗೆ ಹೆಣ್ಣು ಯಾರು ಕೊಡ್ತ?” ಆಕೆಯ ಮಾತು ನಿಜವೇ ಆಯಿತು. ನೀವು ನಗಬಹುದು, ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಇಸ್ಮಾಯಿಲ್ ಸಾಹೇಬರು ವ್ಯಾಪಾರಕ್ಕೆಂದು ಮದ್ರಾಸಿಗೆ ಹೋದರು. ಅಲ್ಲಿಯೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಉಳಿದ ಹುಡುಗರಿಗೆ ಮದುವೆಯಾಯಿತು, ಬೊಂಬಾಯಿಯಾಯಿತು, ವಾಲಿಬಾಲು ಬಂತು. ಕೆಲವು ವರ್ಷ ನಾನೊಬ್ಬನೇ ಬೆಳಿಗ್ಗೆ ಎದ್ದು ತಾಲೀಮಿನ ಮಣ್ಣು ಅಗೆಯುತ್ತಿದ್ದೆ, ಸಂಜೆ ಸಮ ಮಾಡುತ್ತಿದ್ದೆ. ಯಾರೂ ಬೀಳದ ಮಣ್ಣನ್ನು ಸಮ ಮಾಡುವುದೆಂದರೆ... ಇರಲಿ, ವಿಷಯಕ್ಕೆ ಬರುತ್ತೇನೆ.

ಈರ ಕಾಲೇಜಿಗೆ ಸೇರಿದ ವರ್ಷ ಉಳಿಯಲು ಜಾಗ ಹುಡುಕುತ್ತ ತಾಲೀಮಿಗೆ ಬಂದ. ಹಿಂದಿನ ಕೋಣೆಯಲ್ಲಿ ನಾನಿದ್ದೆ, ಇನ್ನೊಂದು ಚಾಪೆಗೂ ಅಲ್ಲಿ ಜಾಗವಿತ್ತು. ಮೊದಲ ದಿನ “ಒಡೆಯಾ” ಎಂದು ಕರೆದು ಅಂಗಳದಲ್ಲೇ ನಿಂತ. “ಒಡೆಯ ಗಿಡೆಯ ಎಲ್ಲ ರಸ್ತೆಲಿ ಬಿಟ್ಟಿಕ್ಕಿ ಬಾ. ಇಲ್ಲಿ ಮೇಲಿದ್ದವ ಮೇಲೆ, ಕೆಳಗಿದ್ದವ ಕೆಳಗೆ, ಅಷ್ಟೇಯ” ಎಂದೆ. ಅಂದಿನಿಂದ ಕುಸ್ತಿ ಕಲಿಸುವವರನ್ನು ಕರೆಯುವಂತೆ ‘ವಸ್ತಾದ್ರು’ ಎನ್ನುತ್ತಾನೆ. ವಾರ ಕಳೆಯುವುದರೊಳಗೆ ನಾನು ಕೆಳಗೆ, ಅವನು ಮೇಲೆ.

ಊರಿನಲ್ಲಿ ಅವನಿಗೆ ಬೇರೆ ಜೋಡಿ ಇರಲಿಲ್ಲ. ಆದ್ದರಿಂದ ಅರವತ್ತು ದಾಟಿದ ನಾನೇ ಅವನ ಜೋಡಿ. ಉಸಿರು ಕಟ್ಟಿದಾಗ ಮಾತು ಹೊರಡುವುದಿಲ್ಲವಲ್ಲ, ಅದಕ್ಕೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಅವನು ಪಟ್ಟು ಹಾಕುವುದು. ನಾನು ಅವನ ಬೆನ್ನ ಮೇಲೆ ಎರಡು ಸಲ ತಟ್ಟಿದರೆ ಬಿಡುವುದು. ಬಿಟ್ಟವನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳುತ್ತಿದ್ದ: “ಸಾಕಾ ವಸ್ತಾದ್ರೆ? ಎಲ್ಲಾದ್ರೂ ನೋವಾತಾ?” ಎಲ್ಲಾದರೂ ನೋವಾಯಿತೇ ಎಂದು ನನ್ನನ್ನು ದಿನಕ್ಕೊಮ್ಮೆ ಕೇಳುವವರು ಬೇರೆ ಯಾರಿದ್ದಾರೆ? ಕ್ಷಮಿಸಿ, ಇದು ಪಂದ್ಯಾವಳಿಯ ವಿಷಯವಲ್ಲ.

ಆದರೆ ಮುಂದಿನದು ಪಂದ್ಯಾವಳಿಯ ವಿಷಯವೇ. ಧಾರವಾಡದಲ್ಲಿ ಆಯ್ಕೆಯ ಕೊನೆಯ ಕುಸ್ತಿ. ನಾನೂ ಹೋಗಿದ್ದೆ. ಈರ ಬೆಳಗಾವಿ ಕಡೆಯ ಹುಡುಗನೊಬ್ಬನನ್ನು ಅಡಿಗೆ ಹಾಕಿ ಕುತ್ತಿಗೆ, ತೋಳು ಸೇರಿಸಿ ಬಿಗಿದಿದ್ದಾನೆ. ಇನ್ನೇನು ಎರಡೂ ಭುಜ ಗಾದಿಗೆ ತಾಗಬೇಕು. ಅಷ್ಟರಲ್ಲಿ ಆ ಹುಡುಗನ ಕೈ ಹಿಡಿತಕ್ಕಾಗಿ ತಡಕಾಡುತ್ತ ಈರನ ಬೆನ್ನಿಗೆ ಎರಡು ಸಲ ಬಡಿಯಿತು. ನಮ್ಮವನು ಏನು ಮಾಡಿದ? ಬಿಟ್ಟುಬಿಟ್ಟ. ಬಿಟ್ಟು, ಪಕ್ಕದಲ್ಲಿ ಕುಳಿತು “ಸಾಕಾ?” ಎಂದು ಕೇಳಿದ. ಆ ಹುಡುಗ ಸಾಕು ಎನ್ನುತ್ತಾನೆಯೇ? ಕಾಲು ಹಿಡಿದು ಎಳೆದ. ಇಡೀ ಸಭಾಗೃಹ ನಕ್ಕಿತು. ಕೊನೆಗೆ ಈರ ಒಂದೇ ಒಂದು ಗುಣದಿಂದ ಗೆದ್ದ, ಅದು ದೇವರ ದಯೆ.

ಅಲ್ಲಿಯ ತರಬೇತಿ ಮಾಸ್ತರರು ಕೇಳಿದರು, “ಯಾಕ ಬಿಟ್ಟಿ?”

“ತಟ್ಟಿದ್ರಲ್ರಾ,” ಎಂದ ಈರ.

“ಇಂವನ ಜೋಡಿ ಯಾರು?” ಎಂದರು. ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳ್ಳೆಯ ಮನುಷ್ಯ, ನಗಲಿಲ್ಲ. “ಅಜ್ಜಾರ, ಈ ಹುಡುಗ ನಿಮ್ಮ ಜೀವಾ ಉಳಿಸೋದು ಕಲ್ತಾನ್ರಿ. ಇನ್ನ ಕುಸ್ತಿ ಆಡೋದು ಕಲೀಬೇಕು” ಎಂದರು. ಮತ್ತೆ ಹೇಳಿದರು: ದೇಶದ ಪಂದ್ಯದಲ್ಲಿ ಮೊದಲ ನಾಲ್ವರೊಳಗೆ ಬಂದರೆ ಅವನನ್ನು ಧಾರವಾಡದಲ್ಲೇ ಇಟ್ಟುಕೊಳ್ಳುತ್ತಾರಂತೆ. ಊಟ, ಓದು, ಅವನ ತೂಕದ್ದೇ ಹುಡುಗರು, ದಿನವೂ ಹೊಸ ಜೋಡಿ.

ಊರಿಗೆ ಬಂದವರೇ ನಾವು ತಟ್ಟುವ ಪದ್ಧತಿಯನ್ನು ಮರೆಯಲು ಕುಳಿತೆವು. ನಾನು ತಟ್ಟುತ್ತೇನೆ, ನೀನು ಬಿಡಬೇಡ ಎಂದೆ. ಆಗಲಿ ಎಂದ, ತಟ್ಟಿದ ಕೂಡಲೇ ಬಿಟ್ಟ. ಬೈದೆ. ಮತ್ತೆ ಬಿಟ್ಟ. ಕೈ ಕೇಳ್ತಿಲ್ಲೆ ವಸ್ತಾದ್ರೆ ಎಂದು ತಲೆ ತಗ್ಗಿಸಿದ. ಒಂದು ದಿನ ಮಾತ್ರ ಬಿಡಲಿಲ್ಲ. ನನ್ನ ಕೆನ್ನೆ ಮಣ್ಣಿನಲ್ಲಿತ್ತು. ತಟ್ಟಿದೆ. ಬಿಡಲಿಲ್ಲ. ಪರೀಕ್ಷೆಗೆಂದು ಶುರುಮಾಡಿದ್ದು, ಆಮೇಲೆ ನಿಜಕ್ಕೂ ತಟ್ಟಿದೆ. ಬಿಡಲಿಲ್ಲ. ನನ್ನ ಕುತ್ತಿಗೆಯ ಮೇಲೆ ಹನಿ ಬೀಳುತ್ತಿತ್ತು. ಬೆವರು ಅಷ್ಟು ಬಿಸಿಯಿರುವುದಿಲ್ಲ. ನಾನು ಹೇಗೋ ಉಸಿರು ಕೂಡಿಸಿ “ಆತು” ಎಂದ ಮೇಲೆ ಬಿಟ್ಟು ಹೊರಗೆ ಹೋದ. ಅಂದು ಅವನು ಏನನ್ನೂ ಕೇಳಲಿಲ್ಲ. ನಾನು ಗಂಜಿಗೆ ಒಲೆ ಹಚ್ಚಿದೆ. ಅಷ್ಟು ಸಂತೋಷವಾಗಿತ್ತು ನನಗೆ. ಸಂತೋಷವೇ ಅನ್ನಬೇಕು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಿನ್ನೆ ಊಟಕ್ಕೆ ಕುಳಿತಾಗ ಈರ ಹೇಳಿದ: “ಗೆದ್ರೆ ಧಾರವಾಡದಲ್ಲಿ ಇಡ್ತ್ರು. ಸೋತ್ರೆ ಊರಿಗೆ ಬರೂದು. ನಾ ಅಲ್ಲೇ ಉಳದ್ರೆ ನಿಮ್ಮ ಜೋಡಿ ಯಾರು ವಸ್ತಾದ್ರೆ?” ಸೋಲುವುದನ್ನು ಅವನು ಹೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಹಬ್ಬಕ್ಕೆ ಮನೆಗೆ ಬರುವವನ ಹಾಗೆ ಹೇಳಿದ. ಕೈ ಒಮ್ಮೆ ಬಿಗಿಯುವುದನ್ನು ಕಲಿತಿದೆ, ನಿಜ. ಮನಸ್ಸೇ ಸಡಿಲ ಬಿಟ್ಟರೆ ಆ ಕೈ ಏನು ಮಾಡುತ್ತದೆ? ನಾನು ಅವನಿಗೆ ಉತ್ತರ ಕೊಡಲಿಲ್ಲ. ಮನೆಯಲ್ಲಿ ಕೊಟ್ಟರೆ ವಾದ ಮಾಡುತ್ತಾನೆ. ಇಲ್ಲಿ ಇಷ್ಟು ಜನ ದೊಡ್ಡವರ ಎದುರು ಎದ್ದು ನಿಂತು ವಾದ ಮಾಡುವ ಹುಡುಗನಲ್ಲ. ಅದಕ್ಕಾಗಿಯೇ ಈ ಭಾಷಣಕ್ಕೆ ಒಪ್ಪಿಕೊಂಡೆ. ಪ್ರಿನ್ಸಿಪಾಲರು ಮನ್ನಿಸಬೇಕು.

ಈರಾ, ಈ ಕಡೆ ನೋಡು. ಕಾಲೇಜಿನ ಮುಂದೆ ಹೂವಿನ ಗಿಡ ನೆಡಲು ಒಳ್ಳೆಯ ಮಣ್ಣು ಬೇಕೆಂದು ಇವರು ಬಹಳ ದಿನದಿಂದ ಕೇಳುತ್ತಿದ್ದರು. ಇವತ್ತು ನೀನು ಕ್ಲಾಸಿಗೆ ಹೋದ ಮೇಲೆ ಗಾಡಿ ತರಿಸಿದೆ. ಅಖಾಡದ ಮಣ್ಣನ್ನೆಲ್ಲ ತುಂಬಿ ಕಳಿಸಿದೆ. ಎಣ್ಣೆ, ಅರಿಸಿನ, ಮಜ್ಜಿಗೆ ಕುಡಿದ ಮಣ್ಣು. ದಾಸವಾಳ ಚೆನ್ನಾಗಿ ಬಂದೀತು. ಈಗ ಅಲ್ಲಿ ಬರೀ ಹೊಂಡವಿದೆ. ನೀನು ಗೆದ್ದು ಬಂದರೂ ಸೋತು ಬಂದರೂ ಕುಮಟೆಯಲ್ಲಿ ಇನ್ನು ನಿನಗೆ ಕುಸ್ತಿ ಇಲ್ಲ, ನನಗೂ ಇಲ್ಲ. ನನ್ನ ಜೋಡಿ ಯಾರು ಎಂಬ ಪ್ರಶ್ನೆ ಮುಗಿಯಿತು. ಸೋತರೆ ನೀನು ಎಲ್ಲಿಗೂ ಬಂದಂತಾಗುವುದಿಲ್ಲ. ಆದ್ದರಿಂದ ಗೆಲ್ಲು.

ತಲೆ ತಗ್ಗಿಸಬೇಡ, ಜನ ನೋಡುತ್ತಿದ್ದಾರೆ. ಹಿಂದಿನ ಕೋಣೆ ಇದ್ದೇ ಇದೆ. ರಜೆಗೆ ಬಾ, ಉಂಡು, ಮಲಗಿ ಹೋಗು.

ಅಡಿಕೆ ಆರಿಸುವವನೊಬ್ಬನ ಮಾತಿಗೆ ಇಷ್ಟು ಹೊತ್ತು ಕಿವಿಕೊಟ್ಟ ಅಧ್ಯಕ್ಷರಿಗೆ, ಅತಿಥಿಗಳಿಗೆ, ನಿಮ್ಮೆಲ್ಲರಿಗೆ ನಾನು ಋಣಿ. ಬೆಳಿಗ್ಗೆ ಬಸ್ಸು ಬೇಗ ಹೊರಡುತ್ತದೆ. ಆಗುವವರು ಸ್ಟ್ಯಾಂಡಿಗೆ ಬನ್ನಿ. ಅವನು ಕಿಟಕಿಯಿಂದ ನೋಡಿದಾಗ ನಾನೊಬ್ಬನೇ ನಿಂತಿರುವುದು ಬೇಡ.

ನಮಸ್ಕಾರ.